ಮಕ್ಕಳ ಲೆಕ್ಕ, ಮೇಷ್ಟ್ರ ಲೆಕ್ಕ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ. ಊರಿನ ಸರ್ಕಾರಿ ಶಾಲೆ ಉಳಿಯುತ್ತದೋ ಇಲ್ಲವೋ, ಅದಕ್ಕೆ ಬರುವ ದುಡ್ಡೆಷ್ಟು, ಅದು ಯಾರ ಕೈಯಲ್ಲಿ ಎಂಬ ಪ್ರಶ್ನೆಗಳು. ಒಂದೇ ಥರದ ಪತ್ರಗಳನ್ನು ಒಟ್ಟು ಮಾಡಿ, ಸೆಕ್ಷನ್ ಮತ್ತು ಲೆಕ್ಕ ಹಿಡಿದು ಉತ್ತರಿಸಿದ್ದೇವೆ.

ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 17 ಮಕ್ಕಳಿದ್ದಾರೆ. ‘ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಮುಚ್ಚಲೇಬೇಕು, ಕಾನೂನೇ ಹಾಗಿದೆ’ ಅನ್ನುತ್ತಿದ್ದಾರೆ. ಹಳ್ಳದಾಚೆಯ ಶಾಲೆಗೆ ವಿಲೀನ ಮಾಡುತ್ತಾರಂತೆ. ನಾವೇನು ಮಾಡಬೇಕು?
— ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಉತ್ತರ ಕನ್ನಡ ಜಿಲ್ಲೆ

ಹಾಗೆ ಹೇಳುವ ಕಾನೂನು ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ‘ಇಷ್ಟು ಮಕ್ಕಳಿಗಿಂತ ಕಡಿಮೆಯಾದರೆ ಮುಚ್ಚಿ’ ಎಂಬ ಸಾಲು ಎಲ್ಲೂ ಸಿಗುವುದಿಲ್ಲ. ಕಾಯ್ದೆಯ ಅನುಸೂಚಿಯ ಮೊದಲ ಮೆಟ್ಟಿಲೇ ‘60 ಮಕ್ಕಳವರೆಗೆ ಇಬ್ಬರು ಶಿಕ್ಷಕರು’ ಎನ್ನುತ್ತದೆ. ಅಂದರೆ 59 ಮಕ್ಕಳಿದ್ದರೂ ಇಬ್ಬರು, 17 ಇದ್ದರೂ ಇಬ್ಬರು. ಸರ್ಕಾರಗಳು ಕಾಲಕಾಲಕ್ಕೆ ಆದೇಶ, ಸುತ್ತೋಲೆ, ಬಜೆಟ್ ಮೂಲಕ ವಿಲೀನದ ಮಾತು ಎತ್ತಿರುವುದು ನಿಜ. 2018ರ ಜುಲೈ ಬಜೆಟ್‌ನಲ್ಲಿ ಒಂದು ಕಿ.ಮೀ. ಒಳಗಿನ 28,847 ಶಾಲೆಗಳನ್ನು 8,530 ಶಾಲೆಗಳೊಂದಿಗೆ ಸೇರಿಸುವ ಪ್ರಸ್ತಾಪ ಬಂದು ದೊಡ್ಡ ವಿರೋಧವೆದ್ದದ್ದು ಅನೇಕರಿಗೆ ನೆನಪಿರಬಹುದು. ಅವು ಆಡಳಿತದ ತೀರ್ಮಾನಗಳು. ಕಾಯ್ದೆಯ ಕಡ್ಡಾಯವಲ್ಲ. ಆಡಳಿತದ ತೀರ್ಮಾನವಾದರೆ ಕಾರಣ ಕೇಳಬಹುದು, ತಕರಾರು ಹಾಕಬಹುದು.

ನಿಮ್ಮ ಪತ್ರದಲ್ಲಿ ‘ಹಳ್ಳದಾಚೆ’ ಎಂಬ ಒಂದು ಪದವಿದೆ. ನಿಮ್ಮ ಇಡೀ ವಾದ ನಿಲ್ಲುವುದು ಅದರ ಮೇಲೆ. 1ರಿಂದ 5ನೇ ತರಗತಿಯ ಮಕ್ಕಳಿಗೆ ನೆರೆಹೊರೆಯ ಶಾಲೆ 1 ಕಿ.ಮೀ. ಒಳಗೆ, 6ರಿಂದ 8ನೇ ತರಗತಿಗೆ 3 ಕಿ.ಮೀ. ಒಳಗೆ ಇರಬೇಕು. ಇದು ನಡೆದು ಹೋಗುವ ದೂರ, ಕಾಗೆ ಹಾರುವ ದೂರವಲ್ಲ. ಆದರೆ ಪಟ್ಟಿ ತಯಾರಾಗುವಾಗ ಬಹಳ ಸಲ ನಕ್ಷೆಯ ಮೇಲೆ ಎರಡು ಶಾಲೆಗಳ ನಡುವೆ ನೇರ ಗೆರೆ ಎಳೆದು ‘800 ಮೀಟರ್’ ಎಂದು ಬರೆದಿರುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಆ 800 ಮೀಟರಿನ ನಡುವೆ ಒಂದು ಗುಡ್ಡ, ಒಂದು ಹಳ್ಳ, ಅದರ ಮೇಲೊಂದು ಅಡಿಕೆ ಮರದ ಕಾಲುಸಂಕ ಇರುತ್ತದೆ. ಕೇಂದ್ರದ 2010ರ ನಿಯಮಾವಳಿಯ 6ನೇ ನಿಯಮ ಇಂಥ ಜಾಗಗಳಿಗೆಂದೇ ಇದೆ. ದುರ್ಗಮ ನೆಲ, ಭೂಕುಸಿತ, ಪ್ರವಾಹ, ರಸ್ತೆಯಿಲ್ಲದಿರುವುದು, ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯ ಇದ್ದಲ್ಲಿ ಈ ದೂರದ ಮಿತಿಯನ್ನು ಇನ್ನೂ ಕಡಿಮೆ ಮಾಡಿಕೊಳ್ಳಬೇಕು ಎನ್ನುತ್ತದೆ ಅದು.

ಮಾಡಬೇಕಾದ ಕೆಲಸವನ್ನು ಈ ವಾರವೇ ಶುರು ಮಾಡಿ. ಮೊದಲು, ಅತಿ ದೂರದ ಮನೆಯ ಅಂಗಳದಿಂದ ಆ ಇನ್ನೊಂದು ಶಾಲೆಯ ಗೇಟಿನವರೆಗೆ ಮೊಬೈಲಿನ ಜಿಪಿಎಸ್ ಹಾಕಿಕೊಂಡು ನಡೆಯಿರಿ. ಶಾಲೆಯಿಂದ ಶಾಲೆಗಲ್ಲ, ಮನೆಯಿಂದ ಶಾಲೆಗೆ. ಈ ತಪ್ಪನ್ನು ಬಹುತೇಕ ಊರುಗಳು ಮಾಡುತ್ತವೆ. ಹಳ್ಳ, ಸಂಕ, ಹೆದ್ದಾರಿ, ಆನೆ ಓಡಾಡುವ ಜಾಗ ಇವುಗಳ ಫೋಟೋ ತೆಗೆಯಿರಿ. ಮಳೆಗಾಲದ ಹಳೆಯ ಫೋಟೋ ಯಾರ ಮೊಬೈಲಿನಲ್ಲಾದರೂ ಇದ್ದೇ ಇರುತ್ತದೆ, ಹುಡುಕಿ. ಎರಡನೆಯದು, ಎಸ್‌ಡಿಎಂಸಿ ಸಭೆ ಕರೆದು ವಿಲೀನಕ್ಕೆ ಒಪ್ಪಿಗೆ ಇಲ್ಲ ಎಂಬ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಕಾರಣ ಸಮೇತ ಬರೆಸಿ, ಹಾಜರಿದ್ದವರೆಲ್ಲರ ಸಹಿ ಹಾಕಿಸಿ. ‘ಪೋಷಕರ ಒಪ್ಪಿಗೆ ಪಡೆಯಲಾಗಿದೆ’ ಎಂದು ಕಡತದಲ್ಲಿ ಬಂದುಬಿಡುವುದು ಹೇಗೆ ಗೊತ್ತೇ? ಬಿಳಿ ಹಾಳೆಯ ಮೇಲೆ, ಇಲ್ಲವೇ ಬಿಸಿಯೂಟದ ಯಾವುದೋ ಪಟ್ಟಿಗೆಂದು ತೆಗೆದುಕೊಂಡ ಸಹಿಗಳಿಂದ. ತಲೆಬರಹ ಓದದೆ ಯಾವುದಕ್ಕೂ ಸಹಿ ಬೇಡ. ಮೂರನೆಯದು, ಅದೇ ವಿಷಯವನ್ನು ಗ್ರಾಮಸಭೆಯಲ್ಲಿ ಇಟ್ಟು ಪಂಚಾಯಿತಿಯ ನಡಾವಳಿಗೂ ಸೇರಿಸಿ. ಮಕ್ಕಳ ಗ್ರಾಮಸಭೆ ಹತ್ತಿರದಲ್ಲಿದ್ದರೆ ಮಕ್ಕಳೇ ಕೇಳಲಿ. ಅವರು ಕೇಳಿದ್ದನ್ನೂ ಬರೆದುಕೊಳ್ಳಲೇಬೇಕು.

ಈ ಮೂರರ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಮನವಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮುದ್ರೆ, ದಿನಾಂಕ, ಟಪಾಲು ಸಂಖ್ಯೆ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಮನವಿ ಕೊಟ್ಟೂ ಕೊಡದಂತೆ. ಜೊತೆಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ‘ವಿಲೀನ ಪ್ರಸ್ತಾವದ ಪ್ರತಿ, ದೂರ ಅಳೆದ ವಿಧಾನ, ಸ್ಥಳ ಪರಿಶೀಲನೆಯ ವರದಿ’ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಇಷ್ಟಾದರೂ ಫಲವಿಲ್ಲದಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಮೂರು ತಿಂಗಳಲ್ಲಿ ತೀರ್ಮಾನಿಸಬೇಕು. ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ಸಮಿತಿಗೆ ಹೊಸದಾಗಿ ಆಯ್ಕೆಯಾಗಿದ್ದೇನೆ. ಒಂದು ವರ್ಷಕ್ಕೆ ನಮ್ಮ ಶಾಲೆಗೆ ನಿಜವಾಗಿ ಎಷ್ಟು ಹಣ ಬರುತ್ತದೆ? ಕೇಳಿದರೆ ‘ಬಂದಾಗ ಹೇಳ್ತೀವಿ’ ಅನ್ನುತ್ತಾರೆ.
— ಪೋಷಕರು, ತುಮಕೂರು ಜಿಲ್ಲೆ

ಸಂಬಳ, ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟದ ಖರ್ಚು ಇವೆಲ್ಲ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ, ಸಮಿತಿಯ ಕೈಗೆ ಸಿಗುವುದಿಲ್ಲ. ಸಮಿತಿ ಕೂತು ತೀರ್ಮಾನಿಸುವ ಮುಖ್ಯ ಹಣ ಸಮಗ್ರ ಶಿಕ್ಷಣ ಯೋಜನೆಯ ಸಂಯೋಜಿತ ಶಾಲಾ ಅನುದಾನ. ಕೇಂದ್ರ 60, ರಾಜ್ಯ 40 ಪಾಲು ಹಾಕುವ ಯೋಜನೆ ಇದು. ಮಾರ್ಗಸೂಚಿಯ ದರ ಹೀಗಿದೆ: 30 ಮಕ್ಕಳವರೆಗೆ ವರ್ಷಕ್ಕೆ ₹10,000. 31ರಿಂದ 100ರವರೆಗೆ ₹25,000. 101ರಿಂದ 250ಕ್ಕೆ ₹50,000. 251ರಿಂದ 1,000ಕ್ಕೆ ₹75,000. ಅದಕ್ಕೂ ಮೇಲಾದರೆ ಒಂದು ಲಕ್ಷ. ಇದರಲ್ಲಿ ಶೇ 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು. ಕ್ರೀಡಾ ಸಾಮಗ್ರಿಗೆ ಪ್ರಾಥಮಿಕಕ್ಕೆ ₹5,000, ಹಿರಿಯ ಪ್ರಾಥಮಿಕಕ್ಕೆ ₹10,000ದವರೆಗೆ ಪ್ರತ್ಯೇಕ. ಗ್ರಂಥಾಲಯಕ್ಕೂ ಒಂದಿಷ್ಟು ಉಂಟು.

ಮೇಲಿನ ಸಾಲನ್ನು ಮತ್ತೊಮ್ಮೆ ಓದಿ. ಮೂವತ್ತನೇ ಮಗುವಿಗೂ ಮೂವತ್ತೊಂದನೇ ಮಗುವಿಗೂ ಇರುವ ಅಂತರ ₹15,000. ಒಂದು ಮಗು ಹೆಚ್ಚು ಎಂದರೆ ಎರಡೂವರೆ ಪಟ್ಟು ಅನುದಾನ. ಇಂಥ ಮೆಟ್ಟಿಲು ಲೆಕ್ಕ ಎಷ್ಟು ನ್ಯಾಯ ಎಂಬುದು ಬೇರೆ ಮಾತು. ಇಪ್ಪತ್ತು ಮಕ್ಕಳ ಶಾಲೆಗೂ ಒಂದು ಗಂಟೆ, ಒಂದು ನೀರಿನ ತೊಟ್ಟಿ, ಒಂದು ಶೌಚಾಲಯ ಬೇಕೇ ಬೇಕು. ನೂರು ಮಕ್ಕಳ ಶಾಲೆಗೂ ಅವೇ ಬೇಕು. ₹10,000 ಬರುವ ಶಾಲೆಯನ್ನೇ ನೋಡಿ. ಸ್ವಚ್ಛತೆಗೆ ₹1,000 ತೆಗೆದಿಟ್ಟರೆ ಉಳಿದದ್ದು ₹9,000, ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ₹900. ಸೀಮೆಸುಣ್ಣ, ಹಾಜರಿ ಪುಸ್ತಕ, ಪೊರಕೆ, ಸೋರುವ ನಲ್ಲಿಗೊಂದು ವಾಷರ್, ಕೆಟ್ಟ ಬಲ್ಬು, ಅಲ್ಲಿಗೆ ಮುಗಿಯಿತು. ಅದರಲ್ಲಿ ಒಡೆದ ಹಂಚು ತೆಗೆಸಿ ಮಾಡು ಹೊದಿಸುತ್ತೇವೆಂದು ಹೊರಟರೆ ಆಳಿನ ಕೂಲಿಗೂ ಸಾಲದು.

ಎಣಿಕೆಯ ದಿನವನ್ನು ಮರೆಯಬೇಡಿ. ದೇಶದ ಎಲ್ಲ ಶಾಲೆಗಳ ಮಾಹಿತಿ ಕಲೆಹಾಕುವ ಯುಡೈಸ್‌ಗೆ ಉಲ್ಲೇಖ ದಿನ ಸೆಪ್ಟೆಂಬರ್ 30. ಪ್ರತಿ ಮಗುವಿನ ದಾಖಲೆ ಇಡುವ ರಾಜ್ಯದ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಮಗುವಿನ ಹೆಸರು ಅಷ್ಟರೊಳಗೆ ಸರಿಯಾಗಿ ಏರಿರಬೇಕು. ಎಡವುವುದು ಬಹುತೇಕ ಇಲ್ಲೇ. ಮಗು ಜುಲೈಯಿಂದ ಬೆಂಚಿನ ಮೇಲೆ ಕೂತು ಪಾಠ ಕೇಳುತ್ತಿರುತ್ತದೆ, ಬಿಸಿಯೂಟ ಉಣ್ಣುತ್ತಿರುತ್ತದೆ. ಆದರೆ ಹಳೆಯ ಖಾಸಗಿ ಶಾಲೆ ಶುಲ್ಕ ಬಾಕಿಯೆಂದು ವರ್ಗಾವಣೆ ಪತ್ರ ಕೊಟ್ಟಿಲ್ಲ, ಆನ್‌ಲೈನಿನಲ್ಲಿ ಹೆಸರು ಬಿಟ್ಟಿಲ್ಲ. ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. ಆಗಸ್ಟ್ ಕೊನೆಯ ಸಭೆಯಲ್ಲಿ ಹಾಜರಿ ಪುಸ್ತಕದ ತಲೆ ಎಣಿಕೆಯನ್ನೂ ಎಸ್‌ಎಟಿಎಸ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡು ಹೆಸರು ವ್ಯತ್ಯಾಸ ಬಂದರೆ ಒಂದು ತಿಂಗಳು ಕೈಯಲ್ಲಿದೆ.

ಇನ್ನು ‘ಬಂದಾಗ ಹೇಳ್ತೀವಿ’ ಎಂಬ ಮಾತು. 2021ರಿಂದ ಈ ಹಣ ಶಾಲೆಯ ಖಾತೆಗೆ ಬಂದು ಕೂರುವುದಿಲ್ಲ. ರಾಜ್ಯ ಮಟ್ಟದ ಒಂದೇ ಖಾತೆಯಲ್ಲಿರುತ್ತದೆ. ಶಾಲೆಯದು ಶೂನ್ಯ ಶಿಲ್ಕಿನ ಖಾತೆ, ಅದಕ್ಕೊಂದು ಖರ್ಚಿನ ಮಿತಿ ಕೊಡುತ್ತಾರೆ. ಆ ಮಿತಿ ಅರ್ಧರ್ಧವಾಗಿ ಬರಬಹುದು, ಫೆಬ್ರವರಿಯಲ್ಲೂ ಬರಬಹುದು. ಮಾರ್ಚ್ 31ರೊಳಗೆ ಬಳಸದಿದ್ದರೆ ಹೋಯಿತು. ಹಾಗಾಗಿ ಮುಖ್ಯ ಶಿಕ್ಷಕರನ್ನು ಅನುಮಾನಿಸುವ ಮೊದಲು ಬೇಕಾದ ಸಾಮಾನಿನ ಪಟ್ಟಿ, ಕೊಟೇಶನ್, ಸಮಿತಿಯ ನಿರ್ಣಯ ಮೂರನ್ನೂ ಡಿಸೆಂಬರಿನಲ್ಲೇ ತಯಾರಿಟ್ಟುಕೊಳ್ಳಿ. ಇಲ್ಲದಿದ್ದರೆ ಮಾರ್ಚ್ ಕೊನೆಯ ವಾರ ಬೇಡದ ಬಣ್ಣ ಬಳಿದು ಬಿಲ್ಲು ಮಾಡುವುದೇ ಆಗುತ್ತದೆ. ನಗದು ಪುಸ್ತಕ, ಓಚರ್, ದಾಸ್ತಾನು ವಹಿ ನೋಡುವುದು ಸದಸ್ಯರ ಕೆಲಸವೇ. ಯಾರ ಮುಲಾಜೂ ಬೇಡ.

ದೊಡ್ಡ ದುರಸ್ತಿ ಬೇಕಾದರೆ ಕಾಯ್ದೆಯ 22ನೇ ಸೆಕ್ಷನ್ ಹೇಳುವ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಅದನ್ನು ಬರೆಯಬೇಕು. ಮೂರು ವರ್ಷದ ಯೋಜನೆ, ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳ ಮುಂಚೆ ಸಿದ್ಧವಿರಬೇಕು, ಅಂದರೆ ಡಿಸೆಂಬರ್ ಅಂತ್ಯಕ್ಕೆ. ತರಗತಿವಾರು ಮಕ್ಕಳ ಅಂದಾಜು, ಬೇಕಾದ ಶಿಕ್ಷಕರು, ಕಟ್ಟಡ, ವರ್ಷವಾರು ಹಣ ಇಷ್ಟು ಅದರಲ್ಲಿರಲಿ. ‘ಕೊಠಡಿ ಸೋರುತ್ತಿದೆ’ ಎಂದು ಬರೆದರೆ ಯಾರೂ ಓದುವುದಿಲ್ಲ. ‘2ನೇ ಕೊಠಡಿ, 20 ಅಡಿ ಉದ್ದ, ತೀರು ಹುಳು ತಿಂದಿದೆ, ಎಂಜಿನಿಯರ್ ಅಂದಾಜು ಲಗತ್ತಿಸಿದೆ’ ಎಂದು ಬರೆದರೆ ಜಿಲ್ಲಾ ಪಂಚಾಯಿತಿಗೋ ಶಾಸಕರ ನಿಧಿಗೋ ಅದೇ ಹಾಳೆ ಕಳಿಸಬಹುದು. ಕರೆಂಟ್ ಬಿಲ್ಲನ್ನು ಈಗಲೂ ಅನುದಾನದಲ್ಲಿ ಕಟ್ಟುತ್ತಿದ್ದಾರೆಯೇ ನೋಡಿ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರು ಉಚಿತ ಎಂದು 2023ರ ರಾಜ್ಯೋತ್ಸವದಂದು ಸರ್ಕಾರ ಘೋಷಿಸಿದೆ.

ತಿಂಗಳಿಗೆ ನೂರು ರೂಪಾಯಿ ಕೊಡಿ ಎಂದು ಪೋಷಕರನ್ನು ಕೇಳಬಹುದೇ?
— ಓದುಗರು, ದಾವಣಗೆರೆ

ಶುಲ್ಕವೆಂದು ಕೇಳುವಂತಿಲ್ಲ. 3ನೇ ಸೆಕ್ಷನ್ ಪ್ರಕಾರ ಸರ್ಕಾರಿ ಶಾಲೆಯ ಮಗು 8ನೇ ತರಗತಿಯವರೆಗೆ ಯಾವ ಶುಲ್ಕಕ್ಕೂ ಬಾಧ್ಯವಲ್ಲ. 2022ರ ಅಕ್ಟೋಬರಿನಲ್ಲಿ ನೂರು ರೂಪಾಯಿ ದೇಣಿಗೆಯ ಸುತ್ತೋಲೆ ಹೊರಟು, ಗದ್ದಲವಾಗಿ, ಕೆಲವೇ ದಿನಗಳಲ್ಲಿ ವಾಪಸಾಯಿತು. ಊರವರು ತಾವಾಗಿ ಕೊಟ್ಟರೆ ರಸೀದಿ ಹರಿದು, ಎಸ್‌ಡಿಎಂಸಿ ಖಾತೆಗೆ ಹಾಕಿ, ನಗದು ಪುಸ್ತಕದಲ್ಲಿ ಬರೆದುಕೊಳ್ಳಿ. ಕೊಟ್ಟವರ ಪಟ್ಟಿಯನ್ನು ಶಾಲೆಯ ಗೋಡೆಗೆ ಹಚ್ಚಬೇಡಿ. ಕೊಡದವರ ಪಟ್ಟಿಯೂ ಅದೇ ಆಗಿಬಿಡುತ್ತದೆ.

ನಮ್ಮಲ್ಲಿ 1ರಿಂದ 5ರವರೆಗೆ 64 ಮಕ್ಕಳು. ಮೂವರು ಶಿಕ್ಷಕರಿದ್ದರು. ಒಬ್ಬರನ್ನು ‘ಹೆಚ್ಚುವರಿ’ ಎಂದು ಬೇರೆ ಕಡೆ ಹಾಕಿದರು, ಇನ್ನೊಬ್ಬರು ನಿಯೋಜನೆ ಮೇಲೆ ಹೋದರು. ಉಳಿದವರು ಒಬ್ಬರು. ಮಕ್ಕಳನ್ನು ಪೋಷಕರು ಬಿಡಿಸಿಕೊಂಡು ಹೋಗುತ್ತಿದ್ದಾರೆ. ಇನ್ನೆರಡು ವರ್ಷಕ್ಕೆ ಶಾಲೆ ತಾನಾಗಿ ಮುಚ್ಚುತ್ತದೆ.
— ಗ್ರಾಮ ಪಂಚಾಯಿತಿ ಸದಸ್ಯರು, ರಾಯಚೂರು ಜಿಲ್ಲೆ

ಈ ಕಂತಿನ ಮುಖ್ಯ ಪ್ರಶ್ನೆ ನಿಮ್ಮದೇ. ಶಾಲೆ ಮುಚ್ಚುವುದು ಆದೇಶದಿಂದ ಎಂದು ಊರು ತಿಳಿದಿರುತ್ತದೆ. ನಿಜಕ್ಕೂ ಅದು ಮುಚ್ಚುವುದು ಒಬ್ಬ ಮೇಷ್ಟ್ರು ಹೋದಾಗ. ಆದೇಶ ಬರುವುದು ನಾಲ್ಕು ವರ್ಷ ಬಿಟ್ಟು, ಆಗ ಮಕ್ಕಳೇ ಇರುವುದಿಲ್ಲ. ‘ಶೂನ್ಯ ದಾಖಲಾತಿ’ ಎಂಬ ಕಾಲಂ ತುಂಬಿದರೆ ಸಾಕು.

ಲೆಕ್ಕ ಕೇಳಿ. ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 150 ದಾಟಿದರೆ ಜೊತೆಗೊಬ್ಬ ಮುಖ್ಯ ಶಿಕ್ಷಕರು. ಹಿರಿಯ ತರಗತಿಗಳಿಗೆ 35 ಮಕ್ಕಳಿಗೊಬ್ಬರು, ಗಣಿತ-ವಿಜ್ಞಾನ, ಸಮಾಜ, ಭಾಷೆಗೆ ಒಬ್ಬೊಬ್ಬರಾದರೂ ಇರಬೇಕು. ನಿಮ್ಮ 64 ಮಕ್ಕಳಿಗೆ ಮೂವರು ಹಕ್ಕಿನ ಮೇಲೆ ಬರುತ್ತಾರೆ. ಹಾಗಿದ್ದೂ ಒಬ್ಬರನ್ನು ಹೆಚ್ಚುವರಿ ಎಂದರೆ ಎಣಿಕೆಯ ಹೊತ್ತಿಗೆ ನಿಮ್ಮ ದಾಖಲಾತಿ 60 ಅಥವಾ ಅದಕ್ಕಿಂತ ಕಡಿಮೆ ಎಂದು ಹೋಗಿರಬೇಕು. ಆ ವರ್ಷದ ಯುಡೈಸ್ ನಮೂನೆಯ ಪ್ರತಿ ತೆಗೆದು ನೋಡಿ. ನಾಲ್ಕು ಮಕ್ಕಳ ಹೆಸರು ಎಲ್ಲಿ ಬಿದ್ದುಹೋಯಿತು ಎಂಬುದು ಅಲ್ಲಿ ಸಿಗುತ್ತದೆ. ಹೆಚ್ಚುವರಿ ಪಟ್ಟಿಗೆ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡುತ್ತಾರೆ, ಆದರೆ ಕೆಲವೇ ದಿನ. ಪಟ್ಟಿ ಪ್ರಕಟವಾದದ್ದು ಶಿಕ್ಷಕರಿಗೆ ಗೊತ್ತಿರುತ್ತದೆ, ಊರಿಗೆ ಗೊತ್ತಿರುವುದಿಲ್ಲ.

ನಿಯೋಜನೆಯದು ಇದಕ್ಕಿಂತ ಕೆಟ್ಟ ರೋಗ. ಆ ಶಿಕ್ಷಕರ ಹುದ್ದೆ, ಸಂಬಳ ಎರಡೂ ನಿಮ್ಮ ಶಾಲೆಯ ಹೆಸರಿನಲ್ಲಿ. ಪಾಠ ಮಾತ್ರ ಬೇರೆಡೆ. ಕಾಗದದ ಮೇಲೆ ಹುದ್ದೆ ಭರ್ತಿಯಾಗಿರುವುದರಿಂದ ಅತಿಥಿ ಶಿಕ್ಷಕರನ್ನು ಕೇಳಿದರೂ ‘ನಿಮ್ಮಲ್ಲಿ ಖಾಲಿ ಇಲ್ಲವಲ್ಲ’ ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ನಿಯೋಜನೆ ಆದೇಶದ ಸಂಖ್ಯೆ, ದಿನಾಂಕ, ಅವಧಿ ಏನು? ಅವಧಿ ಮುಗಿದಿದ್ದರೆ, ಅಥವಾ ಅವಧಿಯನ್ನೇ ನಮೂದಿಸದಿದ್ದರೆ, ರದ್ದತಿ ಕೇಳಿ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಬರೆಯಿರಿ. ಬೋಧನೆಯಲ್ಲದ ಕೆಲಸಕ್ಕೆ ಹಾಕಿದ್ದರೆ 27ನೇ ಸೆಕ್ಷನ್ ತೋರಿಸಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಬಳಸುವಂತಿಲ್ಲ. ಒಂದು ಶಾಲೆಯಲ್ಲಿ ಖಾಲಿ ಹುದ್ದೆ ಮಂಜೂರಾದ ಸಂಖ್ಯೆಯ ಶೇ 10 ದಾಟಬಾರದು ಎಂದು 26ನೇ ಸೆಕ್ಷನ್ ಹೇಳುತ್ತದೆ. ಮೂರು ಹುದ್ದೆಯಲ್ಲಿ ಒಂದು ಖಾಲಿಯಾದರೆ ಅದು ಶೇ 33.

ವಿಲೀನದಿಂದ ಉಳಿತಾಯ ಎಲ್ಲಿ ಎಂಬುದೂ ಇದೇ ಲೆಕ್ಕದಲ್ಲಿದೆ. 45 ಮತ್ತು 45 ಮಕ್ಕಳ ಎರಡು ಶಾಲೆಗಳಿಗೆ ಒಟ್ಟು ನಾಲ್ವರು ಶಿಕ್ಷಕರು. ಸೇರಿಸಿದರೆ 90 ಮಕ್ಕಳು, ಮೂವರು ಸಾಕು. 18 ಮತ್ತು 26ರ ಎರಡು ಶಾಲೆ ಸೇರಿದರೆ ನಾಲ್ವರಿದ್ದಲ್ಲಿ ಇಬ್ಬರು. ಈ ಎರಡನೇ ಲೆಕ್ಕದಲ್ಲಿ ಅನುದಾನ ಏನೂ ಉಳಿಯುವುದಿಲ್ಲ, ಎರಡು ಹತ್ತು ಸಾವಿರದ ಬದಲು 44 ಮಕ್ಕಳಿಗೆ ಇಪ್ಪತ್ತೈದು ಸಾವಿರ ಕೊಡಬೇಕು! ಉಳಿಯುವುದು ಶಿಕ್ಷಕರ ಹುದ್ದೆ ಮಾತ್ರ. ಅದರ ಜೊತೆಗೆ ಅಡುಗೆಯವರು. 25 ಮಕ್ಕಳವರೆಗೆ ಒಬ್ಬರು, 26ರಿಂದ 100ಕ್ಕೆ ಇಬ್ಬರು ಎಂಬುದು ಕೇಂದ್ರದ ಅಳತೆ. 18ರ ಶಾಲೆಯ ಅಡುಗೆಯಾಕೆಗೆ ಹೊಸ ಶಾಲೆಯಲ್ಲಿ ಜಾಗವಿರುವುದಿಲ್ಲ. ಚರ್ಚೆಯಲ್ಲಿ ಅವರ ಹೆಸರು ಬರುವುದೇ ಇಲ್ಲ.

ಸಂಖ್ಯೆ ಉಳಿಸಲು ಪೇಟೆಯ ಕಾನ್ವೆಂಟಿಗೆ ಹೋಗುವ ನಾಲ್ಕಾರು ಮಕ್ಕಳ ಹೆಸರನ್ನು ನಮ್ಮಲ್ಲೂ ಇಟ್ಟುಕೊಂಡರೆ ತಪ್ಪೇ?
— ಹೆಸರು ಬೇಡ

ತಪ್ಪು, ದಡ್ಡತನವೂ ಹೌದು. ಎಸ್‌ಎಟಿಎಸ್‌ನಲ್ಲಿ ಒಂದು ಮಗುವಿಗೆ ಒಂದೇ ಸಂಖ್ಯೆ. ಎರಡು ಕಡೆ ಕಾಣಿಸಿಕೊಂಡ ದಿನವೇ ಸಿಕ್ಕಿಬೀಳುತ್ತದೆ. ದಾಖಲಾತಿ 34, ದಿನವೂ ಊಟ 26 ಎಂದು ಬಿಸಿಯೂಟದ ಪುಸ್ತಕವೇ ಸಾಕ್ಷಿ ಹೇಳುತ್ತದೆ. ಊಟದ ಸಂಖ್ಯೆಯನ್ನೂ ತಿದ್ದಿದರೆ ಅಕ್ಕಿ, ಎಣ್ಣೆ, ಮೊಟ್ಟೆಯ ಲೆಕ್ಕ ಕ್ರಿಮಿನಲ್ ಆಗುತ್ತದೆ. ತಲೆ ಕೊಡುವವರು ಮುಖ್ಯ ಶಿಕ್ಷಕರು. ಆ ಮೇಲೆ ನೀವು ಸತ್ಯವಾದ 31 ತೋರಿಸಿದರೂ ಯಾರೂ ನಂಬುವುದಿಲ್ಲ.

ನಿಮ್ಮ ಉತ್ತರಗಳೆಲ್ಲ ವಿಲೀನ ಬೇಡವೆನ್ನುವಂತೆ ಕಾಣುತ್ತವೆ. ಹತ್ತು ಮಕ್ಕಳು, ಐದು ತರಗತಿ, ಒಬ್ಬ ಶಿಕ್ಷಕ. ಇದನ್ನು ಶಾಲೆ ಎನ್ನಬೇಕೇ?
— ನಿವೃತ್ತ ಶಿಕ್ಷಕರು, ಮೈಸೂರು

ನ್ಯಾಯವಾದ ಪ್ರಶ್ನೆ. ಶಿಕ್ಷಕರು ತರಬೇತಿಗೆ, ಸಭೆಗೆ, ರಜೆಗೆ ಹೋದ ದಿನ ಏಕೋಪಾಧ್ಯಾಯ ಶಾಲೆಯ ಬಾಗಿಲೇ ತೆರೆಯುವುದಿಲ್ಲ. ನಾಲ್ಕನೇ ತರಗತಿಯಲ್ಲಿ ಒಂದೇ ಮಗು ಇದ್ದರೆ ಅದಕ್ಕೆ ಜೊತೆಯಲ್ಲಿ ಲೆಕ್ಕ ಮಾಡುವವರಿಲ್ಲ, ಕಬಡ್ಡಿಗೆ ತಂಡವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 2016–17ರ ಲೆಕ್ಕ ಕೊಟ್ಟು, ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಶೇ 28ರಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿದ್ದಾರೆ ಎಂದಿದೆ. ಹಾಗೆಂದು ಸಣ್ಣ ಶಾಲೆಯೆಲ್ಲ ಕೆಟ್ಟ ಶಾಲೆಯಲ್ಲ. ಬೇರೆ ಬೇರೆ ಮಟ್ಟದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುವ ನಲಿ-ಕಲಿ ಹೆಗ್ಗಡದೇವನಕೋಟೆಯ ಇಂಥ ಶಾಲೆಗಳಲ್ಲೇ ಹುಟ್ಟಿ ಇಡೀ ರಾಜ್ಯಕ್ಕೆ ಹಬ್ಬಿತು. ಇಬ್ಬರು ಶಿಕ್ಷಕರಿರುವ 20 ಮಕ್ಕಳ ಶಾಲೆ, ಒಬ್ಬರಿರುವ 50ರ ಶಾಲೆಗಿಂತ ಎಷ್ಟೋ ವಾಸಿ.

ದಾರಿ ಸಮತಟ್ಟಾಗಿದ್ದು, ದೂರ ನಿಜವಾಗಿ ಒಂದು ಕಿ.ಮೀ. ಒಳಗಿದ್ದು, ಅಲ್ಲಿ ತರಗತಿಗೊಬ್ಬ ಶಿಕ್ಷಕರಿದ್ದರೆ ನಾವೂ ವಿಲೀನದ ಪರವೇ. ಆದರೆ ಷರತ್ತುಗಳನ್ನು ಆದೇಶ ಹೊರಡುವ ಮೊದಲೇ ಬರೆಸಿಕೊಳ್ಳಬೇಕು, ಆಮೇಲೆ ಕೇಳುವವರು ಯಾರೂ ಇರುವುದಿಲ್ಲ. ವಾಹನದ ಮಾತನ್ನೇ ನೋಡಿ. ದೂರದ ಜನವಸತಿಯ ಮಕ್ಕಳಿಗೆ ಸಮಗ್ರ ಶಿಕ್ಷಣದಲ್ಲಿ ವರ್ಷಕ್ಕೆ ತಲಾ ₹6,000ದವರೆಗೆ ಸಾರಿಗೆ ಭತ್ಯೆಗೆ ಅವಕಾಶವಿದೆ. ಹತ್ತು ತಿಂಗಳಿಗೆ ತಿಂಗಳಿಗೆ ₹600, ಶಾಲೆ ನಡೆಯುವ 24 ದಿನಕ್ಕೆ ಹಂಚಿದರೆ ದಿನಕ್ಕೆ ₹25. ಹತ್ತು ಮಕ್ಕಳು ಒಟ್ಟಾಗಿ ಒಂದು ಆಟೋ ಗೊತ್ತು ಮಾಡಿದರೆ ದಿನಕ್ಕೆ ₹250 ಆಯಿತು, ಹೇಗೋ ನಡೆಯಬಹುದು. ನಾಲ್ಕೇ ಮಕ್ಕಳಿದ್ದರೆ ₹100ಕ್ಕೆ ಯಾವ ಆಟೋದವರು ಎರಡು ಟ್ರಿಪ್ ಬರುತ್ತಾರೆ? ಭತ್ಯೆ ವರ್ಷದ ಕೊನೆಗೆ ಖಾತೆಗೆ ಬಿದ್ದರೆ ಕೂಲಿ ಮಾಡುವ ತಂದೆ-ತಾಯಿ ಜೂನ್‌ನಿಂದ ಕೈಯಿಂದ ಹಾಕಿಕೊಂಡಿರಬೇಕು. ಮೊದಲು ನಿಲ್ಲುವುದು ಹೆಣ್ಣುಮಕ್ಕಳ ಟ್ರಿಪ್ಪು. ಆದ್ದರಿಂದ ‘ಭತ್ಯೆ ಕೊಡಲಾಗುವುದು’ ಎಂಬ ಸಾಲು ಸಾಲದು; ಎಷ್ಟು ಮಕ್ಕಳಿಗೆ, ಯಾವ ತಿಂಗಳಿಂದ, ಯಾರ ಖಾತೆಗೆ ಎಂದಿರಬೇಕು. ಜೊತೆಗೆ ಹಳೆ ಶಾಲೆಯ ಶಿಕ್ಷಕರಲ್ಲಿ ಒಬ್ಬರಾದರೂ ಮಕ್ಕಳೊಂದಿಗೆ ಹೊಸ ಶಾಲೆಗೆ ಬರಬೇಕು, ಹೊಸ ಎಸ್‌ಡಿಎಂಸಿಯಲ್ಲಿ ಈ ಊರಿನ ಪೋಷಕರಿಗೂ ಸ್ಥಾನವಿರಬೇಕು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಎಂಬ ನಿಯಮ ಇದಕ್ಕೆ ಅಡ್ಡಿಯಲ್ಲ.

ನಮ್ಮ ಅಜ್ಜ ಶಾಲೆಗೆಂದು ಬಾಯಿಮಾತಿನಲ್ಲಿ ಜಾಗ ಬಿಟ್ಟುಕೊಟ್ಟಿದ್ದರು. ಈಗ ಶಾಲೆ ಮುಚ್ಚಿದರೆ ಜಾಗ ಯಾರದು?
— ಓದುಗರು, ಹಾಸನ ಜಿಲ್ಲೆ

ಸ್ಥಿರಾಸ್ತಿಯ ದಾನ ನೋಂದಣಿಯಾದರೆ ಮಾತ್ರ ದಾನಪತ್ರ. ಬಾಯಿಮಾತಿನದು ಕಾಗದದ ಮೇಲೆ ದಾನವಲ್ಲ. ಆದರೆ ಐವತ್ತು ವರ್ಷ ಸರ್ಕಾರ ಅನುಭವದಲ್ಲಿಟ್ಟುಕೊಂಡು ಕಟ್ಟಡ ಕಟ್ಟಿರುವಾಗ ಸುಮ್ಮನೆ ಬೇಲಿ ಹಾಕಿಕೊಳ್ಳುವಂತೆಯೂ ಇಲ್ಲ. ಪಹಣಿ, ಪಂಚಾಯಿತಿ ದಾಖಲೆ ತೆಗೆಸಿ ಯಾರ ಹೆಸರಿದೆ ನೋಡಿ ವಕೀಲರ ಬಳಿ ಹೋಗಿ. ನೋಂದಾಯಿತ ದಾನಪತ್ರ ಇದ್ದವರು ‘ಶಾಲೆ ನಡೆಯುವವರೆಗೆ ಮಾತ್ರ’ ಎಂಬ ಷರತ್ತಿದೆಯೇ ಎಂದು ಓದಿ. ಎಲ್ಲವೂ ಆ ಸಾಲಿನ ಮೇಲೆ ನಿಂತಿದೆ. ಶಾಲೆಯ ಪರ ಇರುವವರಿಗೂ ಇದೇ ಮಾತು: ಗ್ರಾಮಠಾಣಾ ಜಾಗವಾದರೆ ಶಾಲೆಯ ಹೆಸರಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಮಾಡಿಸಿಡಿ. ದಾಖಲೆಯಿಲ್ಲದ ಜಾಗದಲ್ಲಿ ಹೊಸ ಕೊಠಡಿಗೆ ಅನುದಾನ ಮಂಜೂರಾಗುವುದೂ ಕಷ್ಟ.

ಮುಂದಿನ ವರ್ಷ ಒಂದನೇ ತರಗತಿಗೆ ಮಕ್ಕಳೇ ಇಲ್ಲ ಎನ್ನುತ್ತಿದ್ದಾರೆ. ಗೊತ್ತು ಮಾಡಿಕೊಳ್ಳುವುದು ಹೇಗೆ?
— ಎಸ್‌ಡಿಎಂಸಿ ಅಧ್ಯಕ್ಷರು, ಚಿಕ್ಕಬಳ್ಳಾಪುರ ಜಿಲ್ಲೆ

ಅಂಗನವಾಡಿಯ ಪುಸ್ತಕ ನೋಡಿ. ಹುಟ್ಟಿದ ಮಗುವಿನಿಂದ ಆರು ವರ್ಷದವರೆಗೆ ಎಲ್ಲರ ಹೆಸರು, ಜನ್ಮದಿನಾಂಕ ಅಲ್ಲಿದೆ. ಜೂನ್ 1ಕ್ಕೆ ಆರು ತುಂಬುವವರನ್ನು ವರ್ಷವಾರು ಎಣಿಸಿದರೆ ಮುಂದಿನ ಐದಾರು ವರ್ಷದ ಒಂದನೇ ತರಗತಿ ಒಂದೇ ಹಾಳೆಯಲ್ಲಿ ಕಾಣುತ್ತದೆ. ಆರು ವರ್ಷದ ನಿಯಮ 2025–26ರಲ್ಲಿ ಜಾರಿಗೆ ಬರಬೇಕಿತ್ತು. ಆ ಒಂದು ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ನಿಯಮ ಬದಲಾದಾಗ ಒಂದೆರಡು ವರ್ಷ ಒಂದನೇ ತರಗತಿ ಬಡವಾಗುವುದು ಸಹಜ. ಅದನ್ನೇ ‘ಮಕ್ಕಳಿಲ್ಲ’ ಎಂದು ಓದಿಬಿಡುವ ಅಪಾಯವಿದೆ, ಅಂಗನವಾಡಿಯ ಲೆಕ್ಕ ತೋರಿಸಿ ಬಿಡಿಸಿ ಹೇಳಿ. ಪಟ್ಟಿಯಲ್ಲಿ 12 ಮಕ್ಕಳಿದ್ದು ನಿಮ್ಮಲ್ಲಿಗೆ ಬಂದದ್ದು 4 ಎಂದಾದರೆ ಉಳಿದ ಎಂಟು ಮನೆಗೆ ಮೇ ತಿಂಗಳಲ್ಲಲ್ಲ, ಜನವರಿಯಲ್ಲೇ ಹೋಗಬೇಕು. ಖಾಸಗಿ ಶಾಲೆಯವರು ಅಷ್ಟೊತ್ತಿಗೆ ಮುಂಗಡ ಕಟ್ಟಿಸಿಕೊಂಡಿರುತ್ತಾರೆ. ಜೂನ್ ದಾಟಿದ ಮೇಲೆ ಬಂದ ಮಗುವನ್ನೂ ವಾಪಸು ಕಳಿಸಬೇಡಿ, 15ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಜನ್ಮ ಪ್ರಮಾಣಪತ್ರ ಇಲ್ಲದ ಅಲೆಮಾರಿ, ವಲಸೆ ಕುಟುಂಬದ ಮಗುವನ್ನೂ ಹಾಗೆಯೇ, 14ನೇ ಸೆಕ್ಷನ್.

ನಾನು ಓದಿದ ಹಳ್ಳಿ ಶಾಲೆ ಮುಚ್ಚಿ ವರ್ಷಗಳಾದವು. ಕೆಲಸದ ಅರ್ಜಿಗೆ ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ ಬೇಕಿದೆ. ಸಹಿ ಯಾರ ಹತ್ತಿರ ಮಾಡಿಸಲಿ?
— ಓದುಗರು, ಬೆಂಗಳೂರು

ಮುಚ್ಚಿದ ಶಾಲೆಯ ದಾಖಲಾತಿ ವಹಿ ವಿಲೀನವಾದ ಶಾಲೆಯಲ್ಲಿ ಇರಬೇಕು, ಇಲ್ಲವೇ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ. ಮೊದಲು ಆ ವಲಯದ ಸಿಆರ್‌ಪಿಯವರನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿ. ಯಾವ ಬೀರುವಿನಲ್ಲಿದೆ ಎಂಬುದು ಕಚೇರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅರ್ಜಿಯಲ್ಲಿ ಶಾಲೆಯ ಪೂರ್ತಿ ಹೆಸರು, ಸೇರಿದ ಮತ್ತು ಬಿಟ್ಟ ವರ್ಷ, ತಂದೆಯ ಹೆಸರು, ಗೊತ್ತಿದ್ದರೆ ದಾಖಲಾತಿ ಸಂಖ್ಯೆ ಬರೆಯಿರಿ. ಹಳೆಯ ಅಂಕಪಟ್ಟಿಯೋ ವರ್ಗಾವಣೆ ಪತ್ರದ ಜೆರಾಕ್ಸೋ ಇದ್ದರೆ ದಾಖಲಾತಿ ಸಂಖ್ಯೆ ಅದರ ಮೇಲೇ ಸಿಗಬಹುದು. ವಹಿ ಇಟ್ಟುಕೊಂಡ ಶಾಲೆಯ ಮುಖ್ಯ ಶಿಕ್ಷಕರು ಸಹಿ ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೀಳಬೇಕು. ಒಂದರಿಂದ ಹತ್ತರವರೆಗಿನ ಓದಿಗೆ ಈ ಪತ್ರ ಬೇಕಾಗುವುದರಿಂದ ಪ್ರಾಥಮಿಕ, ಪ್ರೌಢ ಎರಡೂ ಶಾಲೆಗಳ ಸಹಿ ಬೇರೆ ಬೇರೆ ಮಾಡಿಸಿ. ಅರ್ಜಿಯ ಕೊನೆಯ ದಿನಕ್ಕೆ ವಾರವಿರುವಾಗ ಊರಿಗೆ ಹೊರಟರೆ ಆಗುವ ಕೆಲಸವಲ್ಲ ಇದು. ವಹಿ ಸಿಗಲಿಲ್ಲವೆಂದರೆ ‘ಸಿಗಲಿಲ್ಲ’ ಎಂದೇ ಬರೆದು ಕೊಡಲು ಹೇಳಿ. ಮುಂದಿನ ಮೇಜಿಗೆ ಆ ಹಾಳೆ ಬೇಕಾಗುತ್ತದೆ.